ಮೆನುವಿನಲ್ಲಿ ಉಳಿದ ತಂಗಿ

ನನ್ನ ಮದುವೆ ಮುರಿದು ಬೈಲಹೊಂಗಲದ ತವರುಮನೆಗೆ ಮರಳಿದ ಮೇಲೆ ನನಗೆ ಸಿಕ್ಕ ಕೆಲಸ ಬೇರೆಯವರ ಮದುವೆಗಳದ್ದು. ಪೇಟೆಯಲ್ಲಿ ಒಂದು ಫೋಟೋ ಸ್ಟುಡಿಯೋ ಇತ್ತು. ಅದರ ಮಾಲೀಕರು ವಯಸ್ಸಾದ ಮುಸಲ್ಮಾನರು. ಊರವರೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ಕ್ಯಾಮೆರಾ ಹೊತ್ತು ಹಳ್ಳಿಹಳ್ಳಿಯ ಮದುವೆಗಳಿಗೆ ಹೋಗುತ್ತಿದ್ದರು. ನಾನು ಅಂಗಡಿಯ ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಅವರು ತಂದ ವಿಡಿಯೋ ಕತ್ತರಿಸಿ, ಜೋಡಿಸಿ, ಹಾಡು ಕೂಡಿಸಿ ಡಿವಿಡಿ ಮಾಡುತ್ತಿದ್ದೆ.

ಈಗಿನ ಮಕ್ಕಳಿಗೆ ಡಿವಿಡಿಯ ಮೆನು ಎಂದರೆ ಏನೆಂದು ಬಿಡಿಸಿ ಹೇಳಬೇಕು. ಪ್ಲೇಯರಿಗೆ ಡಿಸ್ಕ್ ಹಾಕಿದ ಕೂಡಲೇ ಮದುವೆ ಶುರುವಾಗುತ್ತಿರಲಿಲ್ಲ. ಮೊದಲು ಟಿವಿಯ ಮೇಲೆ ಒಂದು ಚಿತ್ರ ಬಂದು ನಿಲ್ಲುತ್ತಿತ್ತು. ಅದರ ಮೇಲೆ ಅರಿಷಿಣ, ಸುರಿಗಿ ನೀರು, ಅಕ್ಕಿಕಾಳು, ಬೀಳ್ಕೊಡುಗೆ ಎಂದು ಒಂದರ ಕೆಳಗೊಂದು ಮದುವೆಯ ಶಾಸ್ತ್ರಗಳ ಹೆಸರುಗಳಿರುತ್ತಿದ್ದವು. ರಿಮೋಟಿನ ಬಾಣದಿಂದ ಬೇಕಾದದ್ದನ್ನು ಆರಿಸಿ ಒತ್ತಬೇಕು. ಒತ್ತದಿದ್ದರೆ ಆ ಚಿತ್ರ ಅಲ್ಲೇ ನಿಂತಿರುತ್ತದೆ. ಹಿಂದೆ ಸಣ್ಣದೊಂದು ವಾದ್ಯದ ತುಣುಕು ಮುಗಿಯುತ್ತದೆ, ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಹಿಂದಿನ ಚಿತ್ರಗಳು ಸಾಫ್ಟ್‌ವೇರಿನ ಜೊತೆಗೇ ಬರುತ್ತಿದ್ದವು. ಕೆಂಪು ಗುಲಾಬಿ, ಜಲಪಾತ, ಕತ್ತು ಬಾಗಿಸಿದ ಎರಡು ಹಂಸ, ಯಾವುದೋ ದೇಶದ ಬಂಗಲೆ. ಬೈಲಹೊಂಗಲದ ಮದುವೆಗೂ ಅದೇ ಜಲಪಾತ, ಸವದತ್ತಿಯ ಮದುವೆಗೂ ಅದೇ ಜಲಪಾತ. ಒಂದು ದಿನ ಆ ಸಾಫ್ಟ್‌ವೇರಿನ ಮೂಲೆಯಲ್ಲಿ ಏನನ್ನೋ ಒತ್ತಿದಾಗ, ನಮ್ಮದೇ ಫೋಟೋವನ್ನು ಬ್ಯಾಕ್‌ಗ್ರೌಂಡ್ ಆಗಿ ಹಾಕಬಹುದೆಂದು ನನಗೆ ತಿಳಿಯಿತು. ಆಮೇಲೆ ಗಿರಾಕಿಗಳಿಗೆ ಹೇಳತೊಡಗಿದೆ. ಸವದತ್ತಿಯ ಒಬ್ಬರು ತಮ್ಮ ಹೊಸ ಟ್ರ್ಯಾಕ್ಟರಿನ ಫೋಟೋ ಹಾಕಿಸಿದರು. ಕಿತ್ತೂರಿನ ಮದುಮಗನೊಬ್ಬ ತೀರಿಹೋದ ತಂದೆಯ ಫೋಟೋ ತಂದುಕೊಟ್ಟ. ಡಿಸ್ಕ್ ಒಯ್ಯಲು ಬಂದಾಗ ಆ ಮೆನು ನೋಡಿ, "ನಮ್ಮಪ್ಪ ಮದುವೀಗೆ ಬಂದು ಬಾಗಲದಾಗ ನಿಂತಂಗ ಕಾಣತೈತ್ರಿ" ಎಂದ. ಆ ಮಾತು ಕೇಳಿದ ಮೇಲೆ ನನಗೆ ಗುಲಾಬಿ ಹೂವು ಹಾಕಲು ಮನಸ್ಸೇ ಬರುತ್ತಿರಲಿಲ್ಲ.

ಎಲ್ಲ ಫೋಟೋಗಳೂ ಮೆನುವಿಗೆ ಹೊಂದುವುದಿಲ್ಲ. ಮುಖ ಒಂದು ಬದಿಗಿರಬೇಕು, ಇನ್ನೊಂದು ಬದಿ ಖಾಲಿ ಇರಬೇಕು, ಇಲ್ಲದಿದ್ದರೆ ಅಕ್ಷರಗಳು ಕಣ್ಣು ಮೂಗಿನ ಮೇಲೆ ಬಂದು ಕೂರುತ್ತವೆ. ಅಂಥ ಫೋಟೋ ನನ್ನ ಬಳಿ ಒಂದಿತ್ತು. ಅದು ನನ್ನ ತಂಗಿಯದು.

ನಾವಿಬ್ಬರೇ ಹೆಣ್ಣುಮಕ್ಕಳು. ಅಪ್ಪ ಬೇಗ ತೀರಿಕೊಂಡಿದ್ದ. ಅವ್ವ ಮದುವೆ ಮನೆಗಳಿಗೆ ಶಾವಿಗೆ ಮಾಡಿಕೊಟ್ಟು ನಮ್ಮನ್ನು ಸಾಕಿದ್ದಳು. ತಂಗಿ ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಮಾತು ಹೆಚ್ಚು, ನಗು ಅದಕ್ಕಿಂತ ಹೆಚ್ಚು. ಆದರೆ ಕ್ಯಾಮೆರಾ ಕಂಡರೆ ಬಾಯಿ ಮುಚ್ಚಿಬಿಡುತ್ತಿದ್ದಳು. ಅವಳ ಮುಂದಿನ ಒಂದು ಹಲ್ಲಿನ ಮೇಲೆ ಇನ್ನೊಂದು ಏರಿ ಕುಳಿತಿತ್ತು. ಅದು ಫೋಟೋದಲ್ಲಿ ಕಾಣಬಾರದು.

ರಾಮದುರ್ಗದ ಸಂಬಂಧ ಗಟ್ಟಿಯಾದಾಗ ಅವ್ವ ಮಗಳ ಮದುವೆಗೆಂದು ಶಾವಿಗೆ ಮಾಡಿದಳು. ಎಳೆಗಳನ್ನು ಕೋಲುಗಳ ಮೇಲೆ ಇಳಿಬಿಟ್ಟು ಮಾಳಿಗೆಯ ಮೇಲೆ ಒಣಹಾಕಿದ್ದಳು. ಅಂದು ಚಾಚಾ ಅವರ ಹೊಸ ಕ್ಯಾಮೆರಾ ನನ್ನ ಕೈಯಲ್ಲಿತ್ತು. ಗುಬ್ಬಿ ಓಡಿಸಲೆಂದು ಮೇಲೆ ಬಂದ ತಂಗಿ ಶಾವಿಗೆಯ ಸಾಲುಗಳ ನಡುವೆ ತಲೆ ತೂರಿಸಿ ನಿಂತಳು. ಕೆಳಗಿನಿಂದ ಅವ್ವ ಕೂಗಿದಳು: "ಒಂದ ಎಳಿ ಹರದ್ರೂ ನಿನ್ನ ಇಲ್ಲೇ ಇಟಗೊಂಡು, ಆ ತುಂಡನ್ನ ರಾಮದುರ್ಗಕ್ಕ ಕಳಿಸ್ತೇನಿ ನೋಡು." ತಂಗಿ ಬಾಯ್ತುಂಬ ನಕ್ಕಳು. ನಾನು ಆಗ ಒತ್ತಿದೆ. ಎಡಕ್ಕೆ ಅವಳ ಮುಖ, ಬಲಕ್ಕೆ ಬಿಸಿಲಿನಲ್ಲಿ ಇಳಿಬಿದ್ದ ಬಿಳಿ ಎಳೆಗಳು.

ಮದುವೆಯಾಗಿ ಮೊದಲ ಸಲ ತವರಿಗೆ ಬಂದಾಗ ಅವಳು ಸ್ಟುಡಿಯೋಕ್ಕೆ ಬಂದು ನನ್ನ ಪಕ್ಕ ಕುಳಿತಳು. ಅವಳ ಡಿವಿಡಿ ಇನ್ನೂ ಮುಗಿದಿರಲಿಲ್ಲ.

"ಅಕ್ಕಾ, ಈ ಗುಲಾಬಿ ಯಾರ ಮನೀವು?"

"ಯಾರ ಮನೀವೂ ಅಲ್ಲ. ಇದರಾಗ ಬಂದಿರ್ತಾವ."

"ಹಂಗಾರ ತಗಿ. ಆ ಶಾವಿಗಿ ಫೋಟೋ ಹಾಕು."

"ಅದರಾಗ ನಿನ್ನ ಹಲ್ಲ ಕಾಣಸ್ತಾವು."

"ಕಾಣ್ಲಿ ಬಿಡು. ಮದುವಿ ಫೋಟೋದಾಗ ಬರೇ ಮೇಕಪ್ ಐತಿ, ನಾ ಎಲ್ಲೂ ಇಲ್ಲ. ಅವ್ವಗ ನೋಡಾಕ ನಾ ಬೇಕಲ್ಲ."

ಚಾಚಾ ಹೊರಗಿನಿಂದಲೇ ಕೇಳಿಸಿಕೊಂಡು ಒಳಗೆ ಬಂದರು. "ಬೇಟಿ, ಮದುಮಗ ಇಲ್ಲದ ಮದುವಿ ಮಾಡಿಕೊಟ್ರ ರಾಮದುರ್ಗದವರು ನನ್ನ ಸುಮ್ನ ಬಿಡ್ತಾರೇನು?"

"ಅವರ ಮನಿಗೆ ಬ್ಯಾರೆ ಮಾಡ್ರಿ ಚಾಚಾ. ಅದರಾಗ ಇಬ್ರನ್ನೂ ಹಾಕ್ರಿ, ಹಿಂದ ಆ ಬಂಗ್ಲೆನೂ ಇರಲಿ. ನಮ್ಮ ಮನೀದರಾಗ ಮಾತ್ರ ನಾ ಒಬ್ಬಾಕಿ ಇರ್ತೇನಿ."

ಹೀಗೆ ಒಂದೇ ಮದುವೆಗೆ ಎರಡು ಮೆನು ಆದವು. ನಮ್ಮ ಡಿಸ್ಕಿನಲ್ಲಿ ಯಾವ ಹೆಸರು ಎಲ್ಲಿ ಬರಬೇಕೆಂದು ತಂಗಿ ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು. ಅರಿಷಿಣ ಅವಳ ಕೆನ್ನೆಯ ಪಕ್ಕ. ಅದರ ಕೆಳಗೆ ಸುರಿಗಿ, ಅದರ ಕೆಳಗೆ ಅಕ್ಕಿಕಾಳು. ಬೀಳ್ಕೊಡುಗೆ ಎಲ್ಲಕ್ಕೂ ಕೆಳಗೆ, ಸಣ್ಣ ಅಕ್ಷರದಲ್ಲಿ. "ಅದನ್ನ ಇನ್ನೂ ಸಣ್ಣದ ಮಾಡು. ಅವ್ವಗ ಕಾಣಬಾರ್ದು" ಎಂದಳು. ನಾನು ಮಾಡಿದೆ. ಅಂದು ಸಂಜೆ ಮೂವರೂ ಕುಳಿತು ಮದುವೆ ನೋಡಿದೆವು. ಅವ್ವ ಬೀಳ್ಕೊಡುಗೆಯ ಹೊತ್ತಿಗೆ ಎದ್ದು ಒಲೆಯ ಮುಂದೆ ಹೋಗಿ ಕುಳಿತಳು.

ತಂಗಿಗೆ ಹೆಣ್ಣುಮಗು ಹುಟ್ಟಿತು. ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಮಗು ಗೋಡೆ ಹಿಡಿದು ನಡೆಯಲು ಕಲಿಯುತ್ತಿದ್ದ ಮಳೆಗಾಲದಲ್ಲಿ ತಂಗಿಗೆ ಜ್ವರ ಬಂತು. ರಾಮದುರ್ಗದಿಂದ ನನಗೆ ಫೋನ್ ಮಾಡಿ, "ಜ್ವರ ಬಂದೈತಿ ಅಕ್ಕಾ, ಅವ್ವಗ ಹೇಳಬ್ಯಾಡ, ಬಸ್ ಹತ್ತಿ ಬಂದುಬಿಡ್ತಾಳ" ಎಂದಳು. ಸಾದಾ ಜ್ವರ ಎಂದೇ ಎಲ್ಲರೂ ತಿಳಿದಿದ್ದರು. ಡೆಂಗಿ ಎಂದು ಗೊತ್ತಾಗುವ ಹೊತ್ತಿಗೆ ಅವಳನ್ನು ಬೆಳಗಾವಿಗೆ ಒಯ್ಯಬೇಕಾಯಿತು. ನಾನೂ ಅವ್ವನೂ ಆಸ್ಪತ್ರೆ ಮುಟ್ಟಿದಾಗ ಅವಳು ಕಣ್ಣು ತೆರೆದಿದ್ದಳು, ಆದರೆ ಅವಳಿಗೆ ನಮ್ಮ ಗುರುತು ಸಿಗಲಿಲ್ಲ. ಅವ್ವ ಅವಳ ಅಂಗಾಲು ಉಜ್ಜುತ್ತಲೇ ಕುಳಿತಿದ್ದಳು. ಸಾಕು ಎಂದು ನರ್ಸ್ ಹೇಳಿದ ಮೇಲೂ ಉಜ್ಜುತ್ತಿದ್ದಳು.

ರಾಮದುರ್ಗದಲ್ಲಿ ಅವರ ಹೊಲದಲ್ಲೇ ಮಣ್ಣು ಮಾಡಿದರು.

ಮಗುವನ್ನು ನಮಗೆ ಕೊಡಿ ಎಂದು ಅವ್ವ ಕೇಳಲಿಲ್ಲ. ಕೇಳಿದ್ದರೂ ಅವರು ಕೊಡುತ್ತಿರಲಿಲ್ಲ. ಕೆಲವು ಕಾಲದ ನಂತರ ತಂಗಿಯ ಗಂಡ ಸುರೇಬಾನದ ಹುಡುಗಿಯನ್ನು ಮದುವೆಯಾದ. ಸಣ್ಣ ಕೂಸಿದ್ದ ಮನೆ, ಆಗಲೇಬೇಕಿತ್ತು. ಅವ್ವ ಸಿಟ್ಟು ಮಾಡಲಿಲ್ಲ. ಆದರೆ ರಾಮದುರ್ಗ ಎಂಬ ಊರಿನ ಹೆಸರು ನಮ್ಮ ಮನೆಯಲ್ಲಿ ಕೇಳುವುದು ನಿಂತುಹೋಯಿತು. ಅವರೂ ಬರಲಿಲ್ಲ, ನಾವೂ ಹೋಗಲಿಲ್ಲ.

ಒಂದು ಮಧ್ಯಾಹ್ನ ಸ್ಟುಡಿಯೋದಿಂದ ಊಟಕ್ಕೆ ಬಂದಾಗ ಮನೆಯೊಳಗಿನಿಂದ ಶಹನಾಯಿ ಕೇಳಿಸಿತು. ಅದು ನಾನೇ ಮೆನುವಿಗೆ ಹಾಕಿದ ತುಣುಕು. ಅವ್ವ ಟಿವಿಯ ಮುಂದೆ ಗೋಡೆಗೊರಗಿ ಕುಳಿತಿದ್ದಳು. ಪರದೆಯ ಮೇಲೆ ಶಾವಿಗೆಯ ನಡುವೆ ತಂಗಿ ನಗುತ್ತಿದ್ದಳು. ಪ್ಲೇಯರಿನಲ್ಲಿ ಡಿಸ್ಕ್ ಹೇಗೆ ಹಾಕಬೇಕೆಂದು ಪಕ್ಕದ ಮನೆಯವರನ್ನು ಕೇಳಿ ತಿಳಿದುಕೊಂಡಿದ್ದಳಂತೆ. ಮುಂದೆ ಒತ್ತುವುದು ಗೊತ್ತಿಲ್ಲವೇನೋ ಎಂದು ನಾನು ರಿಮೋಟ್ ಕೈಗೆ ತೆಗೆದುಕೊಂಡೆ.

"ಒತ್ತಬ್ಯಾಡ" ಎಂದಳು. "ಒತ್ತಿದ್ರ ಆಕಿ ಹೋಗಿಬಿಡ್ತಾಳ."

ಆಮೇಲೆ ಅದೇ ಅವಳ ರೂಢಿಯಾಯಿತು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಮೆನು ಹಾಕಿಕೊಂಡು ಕೂರುವಳು. ಗೋಧಿ ಬೀಸಿಕೊಂಡು ಬಂದದ್ದು, ಸಂತೆಯಲ್ಲಿ ಬದನೆಕಾಯಿ ಚೆನ್ನಾಗಿರಲಿಲ್ಲ ಎಂಬುದು, ಮೊಣಕಾಲಿನ ನೋವು, ಎಲ್ಲವನ್ನೂ ಪರದೆಯ ಮೇಲಿನ ತಂಗಿಗೆ ಹೇಳುವಳು. ಅಳುತ್ತಿರಲಿಲ್ಲ. ಶಹನಾಯಿ ಮುಗಿದು ಮತ್ತೆ ಶುರುವಾಗುವ ನಡುವೆ ಒಂದು ಗಳಿಗೆ ಸದ್ದಿರುವುದಿಲ್ಲ. ಆ ಗಳಿಗೆಯಲ್ಲಿ ಅವ್ವ ಮಾತು ನಿಲ್ಲಿಸಿ ಕಾಯುತ್ತಿದ್ದಳು. ಎದುರಿನವರು ಉತ್ತರ ಹೇಳಲಿ ಎಂದು ನಾವು ಕಾಯುತ್ತೇವಲ್ಲ, ಹಾಗೆ. ಅದನ್ನು ನೋಡಲಾಗದೆ ನಾನು ಕೆಲವು ದಿನ ಸ್ಟುಡಿಯೋಕ್ಕೆ ಬುತ್ತಿ ಕಟ್ಟಿಕೊಂಡು ಹೋದೆ.

ಕಾಲ ಸರಿಯಿತು. ಜನ ಪೆನ್‌ಡ್ರೈವ್ ಕೇಳತೊಡಗಿದರು, ಆಮೇಲೆ ಮೊಬೈಲಿಗೇ ಕಳಿಸಿ ಎನ್ನತೊಡಗಿದರು. ಮೆನು ಮಾಡುವ ಕೆಲಸವೇ ಇಲ್ಲವಾಯಿತು. ಚಾಚಾ ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೋ, ಝೆರಾಕ್ಸ್ ಇಟ್ಟುಕೊಂಡರು. ನಾನೂ ಅದನ್ನೇ ಮಾಡಿಕೊಂಡು ಉಳಿದೆ. ಹಳೆಯ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಕೆಟ್ಟು, ಅದರೊಳಗಿದ್ದ ಮದುವೆಗಳೆಲ್ಲ ಹೋದವು. ಶಾವಿಗೆಯ ಆ ಫೋಟೋ ಕೂಡ.

ಒಂದು ವರ್ಷ ಮಲಪ್ರಭೆ ಹೊಳೆ ಉಕ್ಕಿ ರಾಮದುರ್ಗದ ಮನೆಗಳಿಗೆ ನೀರು ನುಗ್ಗಿತು. ನೀರಿಳಿದು ಎಷ್ಟೋ ದಿನಗಳಾದ ಮೇಲೆ ನನಗೊಂದು ಫೋನ್ ಬಂತು. ಹೆಂಗಸಿನ ದನಿ, ಗುರುತಿಲ್ಲದ್ದು.

"ಅಕ್ಕಾರ, ರಾಮದುರ್ಗದಿಂದ ಮಾತಾಡಾಕತ್ತೇನ್ರಿ. ನೀವು ನನ್ನ ನೋಡಿಲ್ರಿ. ನಿಮ್ಮ ತಂಗಿ ಮನ್ಯಾಗ ಈಗ ನಾ ಇದ್ದೇನ್ರಿ."

 ಅವಳೇ ಮುಂದುವರಿಸಿದಳು. ಹೊಳೆಯ ನೀರಿನಲ್ಲಿ ಅಲ್ಬಮ್ ಕೊಳೆತು ಹೋಗಿತ್ತು. ಬಂಗಲೆಯ ಮೆನು ಇದ್ದ ಅವರ ಡಿವಿಡಿಯೂ ಹೋಗಿತ್ತು.

"ಹುಡುಗೀನ ಸಾಲ್ಯಾಗ ಯಾರೋ ಕೇಳ್ಯಾರಂತ್ರಿ, ನಿಮ್ಮವ್ವ ಹೆಂಗಿದ್ಲು ಅಂತ. ಮನಿಗೆ ಬಂದು ನನ್ನ ಕೇಳಿದ್ಲು. ನಾನೂ ನೋಡಿಲ್ಲಲ್ರಿ ಅಕ್ಕಾರ. ಅವರನ್ನ ಕೇಳಿದ್ರ ಎದ್ದು ಹೊರಗ ಹೋಗಿಬಿಡ್ತಾರ. ನಿಮ್ಮ ಮನ್ಯಾಗ ಒಂದ ಡಿವಿಡಿ ಐತಿ ಅಂತ ಕೇಳೇನ್ರಿ. ನಾಕ ದಿನ ಕೊಟ್ರ ನೋಡಿ ತಿರುಗಿ ಕಳಿಸ್ತೇನ್ರಿ."

ನಾನು ಅವ್ವನಿಗೆ ಹೇಳಿದೆ. ಅವ್ವ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಒಮ್ಮೆ ರಾಮದುರ್ಗಕ್ಕ ಕಳಿಸಿಕೊಟ್ಟೇನಿ" ಎಂದಳು. "ಇನ್ನೊಮ್ಮೆ ಕಳಸಂಗಿಲ್ಲ."

 ರಾತ್ರಿ ಊಟಕ್ಕೆ ಕುಳಿತಾಗ ಅವ್ವನೇ ಕೇಳಿದಳು: "ಹುಡುಗಿ ಯಾವ ಕ್ಲಾಸಿನ್ಯಾಗ ಅದಾಳಂತ?" ಗೊತ್ತಿಲ್ಲ ಎಂದೆ. "ಕೇಳಬೇಕಿತ್ತಲ್ಲ" ಎಂದು ನನ್ನ ತಟ್ಟೆಗೆ ರೊಟ್ಟಿ ಹಾಕಿ, "ಇಲ್ಲೇ ಬಂದು ನೋಡ್ಲಿ" ಎಂದಳು.

ಒಂದು ರವಿವಾರ ಇಬ್ಬರೂ ಬಸ್ಸಿನಲ್ಲಿ ಬಂದರು. ಸುರೇಬಾನದ ಆ ಹೆಣ್ಣುಮಗಳು ನನಗಿಂತ ಎಷ್ಟೋ ಸಣ್ಣವಳು. ಹೊಸ್ತಿಲ ಹೊರಗೇ ನಿಂತು ಒಳಗೆ ಬರಲು ಅಳುಕುತ್ತಿದ್ದಳು. "ಬಾರವ್ವಾ, ಬಿಸಲಾಗ ಯಾಕ ನಿಂತಿ" ಎಂದು ಅವ್ವ ಕರೆದ ಮೇಲೆಯೇ ಒಳಗೆ ಕಾಲಿಟ್ಟು, ಅವ್ವನ ಕಾಲು ಮುಟ್ಟಿದಳು. ಹುಡುಗಿ ಅವಳ ಸೆರಗಿನ ಹಿಂದೆ ಇದ್ದಳು. ಮುಖದಲ್ಲಿ ತಂಗಿಯನ್ನು ಹುಡುಕಿದೆ. ಹಣೆ ಮಾತ್ರ ಅವಳದು. ಉಳಿದದ್ದೆಲ್ಲ ತಂದೆಯದು. ಅವ್ವನೂ ಹುಡುಕುತ್ತಿದ್ದುದನ್ನು ನಾನು ನೋಡಿದೆ.

ಊಟವಾದ ಮೇಲೆ ಅವ್ವ ತಾನೇ ಡಿಸ್ಕ್ ಹಾಕಿದಳು. ಹುಡುಗಿ ಟಿವಿಗೆ ತೀರ ಹತ್ತಿರ ಹೋಗಿ ನಿಂತಳು. ಬಹಳ ಹೊತ್ತು ನೋಡಿ, "ಈ ಬಿಳೀದು ಏನ ಆಯಿ?" ಎಂದು ಅಜ್ಜಿಯನ್ನು ಕೇಳಿದಳು.

"ಶಾವಿಗಿ. ನಾ ಮಾಡಿದ್ದು."

"ಮುಂದ ಏನೈತಿ?"

ಅವ್ವ ನನ್ನನ್ನು ನೋಡಿದಳು. ಆಮೇಲೆ ರಿಮೋಟನ್ನು ಹುಡುಗಿಯ ಕೈಗೆ ಕೊಟ್ಟು ಬಾಗಿಲ ಬಳಿ ಹೋಗಿ ಕುಳಿತಳು.

ಹುಡುಗಿ ಅರಿಷಿಣ ಒತ್ತಿದಳು. ಶಾವಿಗೆ ಹೋಯಿತು, ಹಂದರ ಬಂತು. ತಂಗಿ ಮಣೆಯ ಮೇಲೆ ಕುಳಿತಿದ್ದಳು, ಸುತ್ತಲಿನವರು ಅರಿಷಿಣ ಹಚ್ಚುತ್ತಿದ್ದರು, ಸಿನಿಮಾ ಹಾಡು ಜೋರಾಗಿ ಕೇಳುತ್ತಿತ್ತು. ಆಗಿನ ಮದುವೆ ವಿಡಿಯೋಗಳೆಲ್ಲ ಹಾಗೇ. ಜನರೇಟರಿನ ಸದ್ದು, ಗದ್ದಲ ಬೇಡವೆಂದು ಮೂಲ ದನಿಯನ್ನೆಲ್ಲ ತೆಗೆದು ಉದ್ದಕ್ಕೂ ಹಾಡು ಹಾಕುತ್ತಿದ್ದೆವು. ಗಿರಾಕಿಗಳು ಹಾಡಿನ ಪಟ್ಟಿ ತಾವೇ ಕೊಡುತ್ತಿದ್ದರು. ತಂಗಿಯೂ ಕೊಟ್ಟಿದ್ದಳು.

ಹುಡುಗಿ ಸ್ವಲ್ಪ ಹೊತ್ತು ನೋಡಿ ನನ್ನ ಕಡೆ ತಿರುಗಿದಳು. "ದೊಡ್ಡವ್ವಾ, ನಮ್ಮವ್ವ ಮಾತಾಡೂದು ಎಲ್ಲೈತಿ?"

 ರಿಮೋಟ್ ತೆಗೆದುಕೊಂಡು ಮುಂದಕ್ಕೆ ಓಡಿಸಿದೆ, ಹಿಂದಕ್ಕೆ ತಿರುಗಿಸಿದೆ. ಎಲ್ಲ ಕಡೆ ಹಾಡು. ಅಕ್ಕಿಕಾಳಿನ ಭಾಗದಲ್ಲಿ ತಂಗಿ ಪಕ್ಕಕ್ಕೆ ಬಾಗಿ ಏನೋ ಹೇಳುತ್ತಾಳೆ, ತುಟಿ ಅಲುಗುತ್ತದೆ, ಹಾಡು ಮಾತ್ರ ಕೇಳುತ್ತದೆ. ಹುಡುಗಿ ಅಲ್ಲೇ ನಿಲ್ಲಿಸಲು ಹೇಳಿದಳು.

"ಏನಂತಾಳ?"

ನಾನು ಗೊತ್ತಿಲ್ಲ ಎನ್ನುವಷ್ಟರಲ್ಲಿ ಬಾಗಿಲಿನಿಂದ ಅವ್ವ ಹೇಳಿದಳು: "'ಅವ್ವಾ, ಹಣೀಗೆ ಕಟ್ಟಿದ ದಂಡಿ ಬಿಗಿ ಆಗೈತಿ, ತಲಿ ನೋಯಾಕತ್ತೈತಿ' ಅಂತಾಳ. ನಾ ಬಾಜೂಕ ನಿಂತಿದ್ನಿ."

ಹುಡುಗಿ ಮತ್ತೆ ಹಾಕಿಸಿದಳು. ಅವ್ವ ಎದ್ದು ಬಂದು ಅವಳ ಪಕ್ಕ ಕುಳಿತಳು. ತಂಗಿಯ ತುಟಿ ಅಲುಗಿದಲ್ಲೆಲ್ಲ ಏನೆಂದು ಹೇಳುತ್ತಾ ಹೋದಳು. ಇಲ್ಲಿ ನೀರು ಕೇಳಾಕತ್ತಾಳ. ಇಲ್ಲಿ ನಿಮ್ಮಪ್ಪ ಏನೋ ಅಂದ, ಅದಕ್ಕ ನಕ್ಕಾಳ. ಇಲ್ಲಿ ನಿಮ್ಮ ದೊಡ್ಡವ್ವನ ಊಟ ಆತೇನ ಅಂತ ಕೇಳ್ಯಾಳ. ಅವೆಲ್ಲ ಅವ್ವನಿಗೆ ನಿಜವಾಗಿ ನೆನಪಿದ್ದವೋ, ಅಲ್ಲೇ ಕಟ್ಟಿದಳೋ ನನಗೆ ಗೊತ್ತಿಲ್ಲ. ಸುರೇಬಾನದ ಹೆಣ್ಣುಮಗಳು ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಬೀಳ್ಕೊಡುಗೆ ಬಂದಾಗ ಅವ್ವ ಮಾತು ನಿಲ್ಲಿಸಿದಳು. ಅಲ್ಲಿ ತಂಗಿ ಅವ್ವನ ಕೊರಳಿಗೆ ಬಿದ್ದು ಬಹಳ ಹೊತ್ತು ಏನೇನೋ ಹೇಳುತ್ತಾಳೆ.

"ಇಲ್ಲಿ ಏನಂತಾಳ ಆಯಿ?"

"ಇದು ನೆನಪಿಲ್ಲ" ಎಂದಳು ಅವ್ವ.

ಹೊರಡುವಾಗ ಆ ಹೆಣ್ಣುಮಗಳು ನನ್ನನ್ನು ಬದಿಗೆ ಕರೆದು, "ಡಿವಿಡಿ ಬ್ಯಾಡ್ರಿ ಅಕ್ಕಾರ. ಆ ಶಾವಿಗಿ ಫೋಟೋ ಒಂದ ಮಾಡಿಕೊಡ್ರಿ, ಗ್ವಾಡಿಗೆ ಹಾಕ್ತೇನಿ" ಎಂದಳು.

ಡಿಸ್ಕ್ ಮನೆಯಿಂದ ಹೊರಗೆ ಹೋಗಬಾರದು. ಅದಕ್ಕೆ ಚಾಚಾ ಅವರ ಹಳೆಯ ಲ್ಯಾಪ್‌ಟಾಪನ್ನೇ ಮನೆಗೆ ತಂದೆ. ಮೆನು ತೆರೆದು ಆ ಚಿತ್ರವನ್ನಷ್ಟೇ ಇಳಿಸಿಕೊಂಡೆ. ಅವ್ವ ಪಕ್ಕದಲ್ಲೇ ಕುಳಿತಿದ್ದಳು. ಆದರೆ ಅದು ಈಗ ಬರೀ ಫೋಟೋ ಆಗಿರಲಿಲ್ಲ. ಅರಿಷಿಣ, ಸುರಿಗಿ, ಅಕ್ಕಿಕಾಳು ಎಂಬ ಅಕ್ಷರಗಳು ಅದರೊಳಗೆ ಸೇರಿಹೋಗಿದ್ದವು. ಮುಖವೂ ಸ್ವಲ್ಪ ಮಸುಕು.

ಈಗ ಮೊಬೈಲಿನಲ್ಲಿ ಎಲ್ಲಕ್ಕೂ ಆ್ಯಪ್ ಇದೆ. ಅಕ್ಷರ ಅಳಿಸಿ ಹಳೆಯ ಫೋಟೋ ಹೊಸದು ಮಾಡಿಕೊಡುತ್ತದೆ ಎಂಬ ಒಂದಕ್ಕೆ ಅದನ್ನು ಹಾಕಿದೆ. ಕ್ಷಣದಲ್ಲಿ ಅಕ್ಷರಗಳು ಮಾಯವಾದವು. ಆ ಜಾಗದಲ್ಲಿ ಹೊಸ ಎಳೆಗಳು ಬಂದಿದ್ದವು. ಮುಖ ಕನ್ನಡಿಯ ಹಾಗೆ ಸ್ವಚ್ಛವಾಗಿತ್ತು. ನನಗೆ ಖುಷಿಯಾಯಿತು. ಅವ್ವನಿಗೆ ತೋರಿಸಿದೆ. ಅವ್ವ ಮೊಬೈಲನ್ನು ದೂರ ಹಿಡಿದು, ಹತ್ತಿರ ತಂದು ನೋಡಿದಳು.

"ಯಾರಿಕಿ?" ಎಂದಳು.

ನಾನು ಮತ್ತೆ ನೋಡಿದೆ. ಆ್ಯಪ್ ಅವಳ ಹಲ್ಲು ನೇರ ಮಾಡಿತ್ತು. ಒಂದರ ಮೇಲೊಂದು ಏರಿದ್ದ ಹಲ್ಲುಗಳು ಸಾಲಾಗಿ ನಿಂತಿದ್ದವು. ಚರ್ಮಕ್ಕೆ ಹೊಳಪು ಬಂದಿತ್ತು. ನಗುತ್ತಿದ್ದವಳು ಚೆಂದದ ಯಾರೋ ಒಬ್ಬಳು. ಅದನ್ನು ಅಳಿಸಿಹಾಕಿದೆ. ಆಮೇಲೆ ಸ್ನಾನದ ಮನೆಗೆ ಹೋಗಿ, ತಂಗಿ ಸತ್ತ ಮೇಲೆ ಅಷ್ಟು ದಿನ ಅಳದ ಅಳುವನ್ನೆಲ್ಲ ಅತ್ತೆ. ಅವ್ವ ಹೊರಗಿನಿಂದ ಬಾಗಿಲು ಬಡಿಯಲಿಲ್ಲ, ಕರೆಯಲೂ ಇಲ್ಲ.

ಅಕ್ಷರಗಳಿದ್ದ ಹಾಗೆಯೇ ಪ್ರಿಂಟ್ ತೆಗೆಸಿ, ಕಟ್ಟು ಹಾಕಿಸಿ, ನಾನೇ ರಾಮದುರ್ಗಕ್ಕೆ ಒಯ್ದೆ. ಹೊಳೆಯ ನೀರು ನಿಂತಿದ್ದ ಗುರುತು ಆ ಮನೆಯ ಗೋಡೆಗಳ ಮೇಲೆ ಇನ್ನೂ ಇತ್ತು. ಅದಕ್ಕಿಂತ ಎತ್ತರಕ್ಕೆ ಸುರೇಬಾನದ ಹೆಣ್ಣುಮಗಳು ಮೊಳೆ ಹೊಡೆದಳು. ಹುಡುಗಿ ಫೋಟೋದ ಮೇಲಿನ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದಳು. ಬೀಳ್ಕೊಡುಗೆ ಎಂಬುದು ಅವಳಿಗೆ ಓದಲು ಬರಲಿಲ್ಲ, ಅಷ್ಟು ಸಣ್ಣದಿತ್ತು. ತಂಗಿಯ ಗಂಡ ಹೊಲದಿಂದ ಬಂದವನು ಕಾಲು ತೊಳೆಯದೆ ಬಾಗಿಲಲ್ಲೇ ನಿಂತು ಗೋಡೆ ನೋಡಿದ. "ಈ ಫೋಟೋ ನಾ ನೋಡೇ ಇಲ್ಲ" ಎಂದ. ಅವನಿಗೆ ನಾವು ತೋರಿಸಿರಲಿಲ್ಲ. ಅದು ತವರಿನ ಡಿಸ್ಕ್ ಆಗಿತ್ತು. ಬಂದ ದಾರಿಯಲ್ಲೇ ಹೊರಟುಹೋದ. ಸುರೇಬಾನದ ಹೆಣ್ಣುಮಗಳು ನನಗೆ ರೊಟ್ಟಿ ಬಡಿಸಿದಳು. 

ಸಂಜೆ ಮನೆಗೆ ಬಂದಾಗ ಅವ್ವ ಕಟ್ಟೆಯ ಮೇಲೆ ಕುಳಿತಿದ್ದಳು.

"ಕೊಟ್ಟ ಬಂದ್ಯಾ?"

"ಹೂಂ."

"ಎಲ್ಲಿ ಹಾಕ್ಯಾರ?"

"ನಡುಮನ್ಯಾಗ."

ಅವ್ವ ನನ್ನ ಕೈಯಿಂದ ಚೀಲ ಇಸಿದುಕೊಂಡಳು. "ಆ ಗ್ವಾಡಿಗೆ ಬಿಸಲ ಬೀಳತೈತೇನು? ಬಣ್ಣ ಹೋಗತೈತಿ."

ಬೀಳುವುದಿಲ್ಲ ಎಂದೆ. ಹಿಂದಿನ ಕಿಟಕಿಯಿಂದ ಸಂಜೆ ಸ್ವಲ್ಪ ಬೀಳುತ್ತದೆ, ಅದನ್ನು ಅವ್ವನಿಗೆ ಹೇಳಲಿಲ್ಲ.